ಮಾಟುಂಗಾದ ಉದ್ದ ಮನೆಗೆ ರೌಟರ್ ಆರಿಸಿದ್ದು: ಒಂದು ಪ್ರಕರಣ ಅಧ್ಯಯನ

ಮುಂಬೈಯ ಮಾಟುಂಗಾದಲ್ಲಿ, ಕಿಂಗ್ಸ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಮನೆ ಇದು. ಕಟ್ಟಡ ಸ್ವಾತಂತ್ರ್ಯಕ್ಕೂ ಹಿಂದಿನದು, ಪಗಡಿಯ ಮನೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆಗೆ ತಲೆಮಾರುಗಳ ಕಾಲ ಇರುವ ಮುಂಬೈಯ ಹಳೆಯ ಪದ್ಧತಿಯದು. ಉಡುಪಿ ಕಡೆಯ ಕುಟುಂಬವೊಂದು ಮೂರು ತಲೆಮಾರಿನಿಂದ ಅದರ ಎರಡನೆಯ ಮಹಡಿಯಲ್ಲಿದೆ. ಯಾರ ಮನೆ ಎಂದು ಗುರುತು ಸಿಗಬಾರದೆಂದು ಕೆಲವು ಖಾಸಗಿ ವಿವರಗಳನ್ನು ಬದಲಿಸಿದ್ದೇನೆ. ಗೋಡೆ, ಅಳತೆ, ತೀರ್ಮಾನಗಳನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ.

ಮೊದಲು ಮನೆಯ ನಕ್ಷೆ ತಿಳಿದುಕೊಳ್ಳಬೇಕು, ಏಕೆಂದರೆ ಕೊನೆಗೆ ಎಲ್ಲವನ್ನೂ ನಿರ್ಧರಿಸಿದ್ದು ಅದೇ. ರಸ್ತೆಯ ಕಡೆಗೆ ಬಾಲ್ಕನಿ, ಹಾಲ್. ಹಾಲ್‌ನಿಂದ ಒಳಕ್ಕೆ ಉದ್ದನೆಯ ಪ್ಯಾಸೇಜ್, ಅದರ ಎಡಕ್ಕೆ ಎರಡು ಬೆಡ್‌ರೂಮ್, ತುದಿಯಲ್ಲಿ ಅಡುಗೆಮನೆ, ಅದರಾಚೆ ಅಜ್ಜಿಯ ಕೋಣೆ. ಒಳಗೋಡೆಗಳೂ ಒಂದೂವರೆ ಇಟ್ಟಿಗೆಯವು. ಗಾರೆ ಸೇರಿದರೆ ಹದಿನಾಲ್ಕು ಇಂಚಿಗೆ ಕಡಿಮೆಯಿಲ್ಲ. ಮೊದಲ ಬೆಡ್‌ರೂಮಿನ ಗೋಡೆಗೆ ಒರಗಿದ ಹಾಗೆ ಎರಡು ದೊಡ್ಡ ಸ್ಟೀಲ್ ಕಪಾಟುಗಳಿವೆ. ಫೈಬರ್ ಬರುವುದು ಟೆರೇಸಿನಿಂದ ಕೆಳಗಿಳಿದು ಬಾಲ್ಕನಿಯ ಮೂಲಕ. ಅಳವಡಿಸಲು ಬಂದವನಿಗೆ ಎಲ್ಲಿ ಪ್ಲಗ್ ಸಿಕ್ಕಿತೋ ಅಲ್ಲೇ, ಅಂದರೆ ಹಾಲ್‌ನ ಮೂಲೆಯಲ್ಲಿ ಟಿವಿಯ ಹಿಂದೆ, ಫೈಬರ್ ಡಬ್ಬಿಯನ್ನು ಇಟ್ಟು ಹೋಗಿದ್ದ. ರೌಟರ್ ಕೂಡ ಅದರ ಪಕ್ಕದಲ್ಲೇ.

ಮನೆಯಲ್ಲಿ ಐವರು. ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು, ಅವರ ಹೆಂಡತಿ (ಮುಂದೆ ಅಜ್ಜಿ ಎಂದೇ ಕರೆಯುತ್ತೇನೆ), ಹೋಟೆಲ್ ವ್ಯವಹಾರದ ಮಗ, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಸಾಫ್ಟ್‌ವೇರ್ ಕಂಪನಿಯ ಕೆಲಸ ಮಾಡುವ ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗ. ಸೊಸೆಯ ಮೇಜು ಎರಡನೆಯ ಬೆಡ್‌ರೂಮಿನಲ್ಲಿ. ಅಜ್ಜಿಗೆ ಬೇಕಾದದ್ದು ಎರಡೇ: ರಾತ್ರಿ ಮಸ್ಕತ್‌ನ ಮಗಳ ವಿಡಿಯೊ ಕಾಲ್, ಮಧ್ಯಾಹ್ನ ಟ್ಯಾಬ್‌ನಲ್ಲಿ ಯಕ್ಷಗಾನ.

ತೊಂದರೆ ಮತ್ತು ಅದಕ್ಕೆ ಮೊದಲು ಮಾಡಿದ ಮದ್ದುಗಳು

ಸೊಸೆಯ ಮೀಟಿಂಗ್‌ಗಳಲ್ಲಿ ಧ್ವನಿ ತುಂಡಾಗುತ್ತಿತ್ತು. ಸಂಜೆ ಏಳರ ನಂತರ ಅಜ್ಜಿಯ ಕೋಣೆಯಲ್ಲಿ ಮಗಳ ಮುಖ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಮೊಮ್ಮಗ ಆಟದ ನಡುವೆ ಕೂಗಾಡುತ್ತಿದ್ದ. ಇಂಟರ್ನೆಟ್ ಕೊಡುವ ಕಂಪನಿಗೆ ದೂರು ಹೋದಾಗಲೆಲ್ಲ ಹುಡುಗನೊಬ್ಬ ಬಂದು, ಹಾಲ್‌ನಲ್ಲಿ ಡಬ್ಬಿಯ ಪಕ್ಕ ನಿಂತು, ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ ಹೋಗುತ್ತಿದ್ದ. ಅವನು ತೋರಿಸಿದ ಅಂಕಿಯಲ್ಲಿ ಸುಳ್ಳಿರಲಿಲ್ಲ. ಆದರೆ ಮನೆಯವರು ಯಾರೂ ಆ ಮೂಲೆಯಲ್ಲಿ ಕೂತು ಕೆಲಸ ಮಾಡುವುದಿಲ್ಲ.

ಕುಟುಂಬ ಮೊದಲು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್ ವೇಗದ) ಪ್ಲ್ಯಾನನ್ನು 200ಕ್ಕೆ ಏರಿಸಿತು. ಏನೂ ಬದಲಾಗಲಿಲ್ಲ. ಆಮೇಲೆ ಮಗ ಗೋಡೆಯ ಪ್ಲಗ್‌ಗೆ ಚುಚ್ಚುವ ರಿಪೀಟರ್ (ವೈ-ಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ತಂದು ಅಡುಗೆಮನೆಯಲ್ಲಿ, ಫ್ರಿಜ್ ಪಕ್ಕ ಹಾಕಿದ. ಫೋನಿನಲ್ಲಿ ವೈ-ಫೈ ಕಡ್ಡಿಗಳು ತುಂಬಿ ಬಂದವು, ವಿಡಿಯೊ ಮಾತ್ರ ಮೊದಲಿಗಿಂತ ಹೆಚ್ಚು ನಿಲ್ಲತೊಡಗಿತು. ಇದು ಬಹಳ ಮನೆಗಳಲ್ಲಿ ಆಗುವ ಸಂಗತಿ, ಆದ್ದರಿಂದ ಕಾರಣ ಹೇಳಬೇಕು. ಕಡ್ಡಿಗಳು ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ಸಂಪರ್ಕವನ್ನು. ರಿಪೀಟರಿಗೂ ಹಾಲ್‌ನ ರೌಟರಿಗೂ ನಡುವೆ ಏನು ನಡೆಯುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಸಿಗ್ನಲ್ ಆಗಲೇ ಸೊರಗಿದ ಜಾಗದಲ್ಲಿ ರಿಪೀಟರ್ ಇಟ್ಟರೆ ಅದು ಆ ಸೊರಗಿದ್ದನ್ನೇ ಮುಂದಕ್ಕೆ ಕಳಿಸುತ್ತದೆ. ಅಗ್ಗದ ರಿಪೀಟರ್‌ಗಳು ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೊ ಬಳಸುವುದರಿಂದ ಇದ್ದ ವೇಗವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ ಮಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋದ. ಅಂಗಡಿಯವ ಎಂಟು ಆ್ಯಂಟೆನಾದ, ಹದಿನಾಲ್ಕು ಸಾವಿರ ರೂಪಾಯಿಯ ಗೇಮಿಂಗ್ ರೌಟರ್ ತೋರಿಸಿದ. ಭಾನುವಾರ ತರುವುದೆಂದು ಮಾತಾಯಿತು. ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ, ಈ ಮನೆಯವರು ಹಳೆಯ ಪರಿಚಯ. ಯಜಮಾನರು ಫೋನ್ ಮಾಡಿ ಕೇಳಿದ್ದು ಇಷ್ಟೇ: "ಇದನ್ನು ತಕೊಂಡ್ರೆ ಸರಿ ಆಗ್ತದಾ ಇಲ್ವಾ, ಅಷ್ಟು ಹೇಳಿ ಮಾರಾಯ್ರೆ."

ಮನೆ ನೋಡದೆ ಹೇಳಲಾಗದು, ಅಲ್ಲಿಯವರೆಗೆ ಏನೂ ಕೊಳ್ಳಬೇಡಿ ಎಂದೆ. ಈ ಪ್ರಕರಣದ ಮೊದಲ ತಿರುವು ಅದು.

ಅಳತೆ ಹೇಳಿದ್ದು

ಹೋದದ್ದು ಸಂಜೆಯ ಹೊತ್ತಿಗೆ, ಬೇಕೆಂದೇ. ಅಕ್ಕಪಕ್ಕದ ಮನೆಗಳ ವೈ-ಫೈ ಎಲ್ಲ ಚುರುಕಾಗುವುದು ಆಗಲೇ.

ಮೊದಲ ಅಳತೆಯಲ್ಲಿ ವೈ-ಫೈ ಬಳಸಲೇ ಇಲ್ಲ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಫೈಬರ್ ಡಬ್ಬಿಗೆ ಸೇರಿಸಿದಾಗ 200ರ ಹತ್ತಿರ ವೇಗ ಬಂತು. ಕಂಪನಿ ಹೇಳಿದ್ದನ್ನು ಕೊಡುತ್ತಿತ್ತು. ಅದೇ ಕೇಬಲನ್ನು ರೌಟರಿನ ಹಿಂಬದಿಯ ಪೋರ್ಟ್‌ಗೆ ಹಾಕಿದಾಗ 94. ಇನ್ನೊಮ್ಮೆ ನೋಡಿದರೂ 94.

ನೆಟ್‌ವರ್ಕ್ ಕೆಲಸದವರಿಗೆ ಈ ಅಂಕಿ ಚೆನ್ನಾಗಿ ಗೊತ್ತು. ಪೋರ್ಟ್ 100 ಎಂಬಿಪಿಎಸ್‌ನದಾದರೆ ಕೈಗೆ ಸಿಗುವುದು 94-95. ರೌಟರಿನ ಪೆಟ್ಟಿಗೆಯನ್ನು ಅಜ್ಜಿ ಜೋಪಾನವಾಗಿ ಮಾಳಿಗೆಯ ಮೇಲೆ ಇಟ್ಟಿದ್ದರು. ತೆಗೆಸಿ ನೋಡಿದೆವು. ಮುಂದೆ ದೊಡ್ಡದಾಗಿ 1200. ಹಿಂದೆ ಸಣ್ಣ ಅಕ್ಷರದಲ್ಲಿ, ಪೋರ್ಟ್‌ಗಳು 10/100, ಅಂದರೆ ಹೆಚ್ಚೆಂದರೆ 100 ಎಂಬಿಪಿಎಸ್. ಆ 1200 ಎಂಬುದು ವೈ-ಫೈ ಬಳಸುವ ಎರಡು ತರಂಗ ಪಟ್ಟಿಗಳ, ಅಂದರೆ 2.4 ಗಿಗಾಹರ್ಟ್ಜ್‌ನ 300 ಮತ್ತು 5 ಗಿಗಾಹರ್ಟ್ಜ್‌ನ 867 ಕೂಡಿಸಿ ದುಂಡಗೆ ಮಾಡಿದ ಸಂಖ್ಯೆ. ಎರಡೂ ಗಾಳಿಯಲ್ಲಿ ಸಿಗಬಹುದಾದ ಗರಿಷ್ಠ ಲೆಕ್ಕ, ಒಂದೇ ಫೋನಿಗೆ ಎರಡೂ ಕೂಡಿ ಸಿಗುವುದಿಲ್ಲ. ಒಳಗೆ ಬರುವ ಬಾಗಿಲೇ 100ರದಾದ ಮೇಲೆ 200ರ ಪ್ಲ್ಯಾನಿಗೆ ಕೊಟ್ಟ ಹೆಚ್ಚಿನ ಹಣ ಅಷ್ಟೂ ತಿಂಗಳು ನಷ್ಟವಾಗಿತ್ತು. ಪೆಟ್ಟಿಗೆಯ ಮುಂಭಾಗದ ಸಂಖ್ಯೆಯನ್ನು ಹೀಗೆ ಮುದ್ರಿಸುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಯಜಮಾನರಂಥ ಲೆಕ್ಕದ ಮನುಷ್ಯರಿಗೂ ಅದು ಹೊಳೆದಿರಲಿಲ್ಲ.

ಆದರೆ ಸೊಸೆಯ ತೊಂದರೆಗೆ ಇದು ಕಾರಣವಲ್ಲ. ಒಂದು ವಿಡಿಯೊ ಮೀಟಿಂಗ್‌ಗೆ ಹೋಗುತ್ತ ಬರುತ್ತ ನಾಲ್ಕೈದು ಎಂಬಿಪಿಎಸ್ ಇದ್ದರೆ ಧಾರಾಳ. 94 ಬಂದರೂ ನಡೆಯಬೇಕಿತ್ತು. ಎರಡನೆಯ ಅಳತೆ ಶುರುವಾದದ್ದು ಅಲ್ಲಿಂದ: ಸಿಗ್ನಲ್ ಶಕ್ತಿ ತೋರಿಸುವ ಆ್ಯಪ್ ಹಾಕಿದ ಫೋನ್ ಹಿಡಿದು, ಬಾಗಿಲುಗಳನ್ನು ದಿನನಿತ್ಯ ಹೇಗಿರುತ್ತವೋ ಹಾಗೇ ಮುಚ್ಚಿ, ಹಾಲ್‌ನಿಂದ ಹಿಂದಕ್ಕೆ ನಡೆಯುವುದು. ಮೊಮ್ಮಗ ಗ್ರಾಫ್ ಹಾಳೆಯಲ್ಲಿ ಮನೆ ಬರೆದು ಪ್ರತಿ ಜಾಗದ ಅಂಕಿ ಗುರುತಿಸಿದ.

ಈ ಅಳತೆ ಡಿಬಿಎಂನಲ್ಲಿ, ಮೈನಸ್ ಸಂಖ್ಯೆಯಲ್ಲಿ ಬರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. ವಿಡಿಯೊ ಕಾಲ್ ನಿರಾತಂಕವಾಗಿ ನಡೆಯಲು ಮೈನಸ್ 67 ಅಥವಾ ಅದಕ್ಕಿಂತ ಒಳ್ಳೆಯದು ಬೇಕು ಎಂಬುದು ನಮ್ಮ ಕೆಲಸದಲ್ಲಿ ರೂಢಿಯ ಗೆರೆ. 5 ಗಿಗಾಹರ್ಟ್ಜ್‌ನಲ್ಲಿ ಹಾಲ್‌ನಲ್ಲಿ ಮೈನಸ್ 42, ಮೊದಲ ಬೆಡ್‌ರೂಮಿನಲ್ಲಿ ಮೈನಸ್ 66, ಸೊಸೆಯ ಮೇಜಿನ ಮೇಲೆ ಮೈನಸ್ 81. ಅಜ್ಜಿಯ ಕೋಣೆಯಲ್ಲಿ 5 ಗಿಗಾಹರ್ಟ್ಜ್ ಹೆಸರೇ ಕಾಣಲಿಲ್ಲ. ಹೀಗಾದಾಗ ಫೋನ್, ಲ್ಯಾಪ್‌ಟಾಪ್ ತಾವಾಗಿಯೇ 2.4 ಗಿಗಾಹರ್ಟ್ಜ್‌ಗೆ ಹಾರುತ್ತವೆ, ಅದು ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ. ಆದರೆ 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು (ಆ ಪಟ್ಟಿಯೊಳಗಿನ ಓಣಿಗಳು) 1, 6, 11, ಈ ಮೂರೇ. ಅಡುಗೆಮನೆಯ ಕಿಟಕಿಯ ಬಳಿ ನಿಂತರೆ ಹಿಂದಿನ ಗಲ್ಲಿಯ ಕಟ್ಟಡಗಳದ್ದೂ ಸೇರಿ ಹತ್ತಾರು ವೈ-ಫೈ ಹೆಸರುಗಳು ಆ ಮೂರರಲ್ಲೇ ಒತ್ತಿಕೊಂಡಿದ್ದವು. ಸಂಜೆ ಏಳರ ನಂತರ ಏಕೆ ಹದಗೆಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ಹದಿನಾಲ್ಕು ಸಾವಿರದ ಪ್ರಶ್ನೆ

ಮಗನಿಗೆ ಇನ್ನೂ ಎಂಟು ಆ್ಯಂಟೆನಾದ ಮೇಲೇ ಮನಸ್ಸು. ದೊಡ್ಡ ರೌಟರ್ ದೂರ ಹೋಗುವುದಿಲ್ಲವೇ ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. 5 ಗಿಗಾಹರ್ಟ್ಜ್‌ನ ಹೆಚ್ಚಿನ ಭಾಗವನ್ನು ಭಾರತ ಸರ್ಕಾರ 2018ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು, ಜೊತೆಗೆ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬ ಮಿತಿಯನ್ನೂ ಹಾಕಿದೆ. ಆ ಮಿತಿ ಮೂರು ಸಾವಿರದ ರೌಟರಿಗೂ ಹದಿನಾಲ್ಕು ಸಾವಿರದ ರೌಟರಿಗೂ ಒಂದೇ. ಹೆಚ್ಚು ಆ್ಯಂಟೆನಾದಿಂದ ಸಿಗ್ನಲ್ ಒಂದಿಷ್ಟು ಹದಗೊಳ್ಳುತ್ತದೆ, ನಿಜ. ಆದರೆ ವೈ-ಫೈ ಎರಡೂ ಕಡೆಯ ಮಾತು. ಹಾಲ್‌ನಲ್ಲಿ ನಿಂತವರು ಕೂಗಿದ್ದು ಅಡುಗೆಮನೆಗೆ ಕೇಳಬಹುದು, ಒಳಗಿರುವವರು ಮೆಲ್ಲಗೆ ಕೊಟ್ಟ ಉತ್ತರ ಹಾಲ್‌ಗೆ ಕೇಳದಿದ್ದರೆ ಮಾತು ಮುಂದೆ ಹೋಗುವುದಿಲ್ಲ. ಫೋನಿನ ರೇಡಿಯೊ ಸಣ್ಣದು, ಅದರ ಬ್ಯಾಟರಿಯೂ ಸಣ್ಣದು. ಎಂಟು ಆ್ಯಂಟೆನಾ ತಂದರೂ ಅಜ್ಜಿಯ ಟ್ಯಾಬ್ ಮೊದಲಿನಷ್ಟೇ ಶಕ್ತಿಯಲ್ಲಿ ಉತ್ತರಿಸುತ್ತದೆ.

ಇಷ್ಟು ಹೇಳಿದ ಮೇಲೆ ಸೊಸೆ ಕೇಳಿದ್ದು ಇಡೀ ಚರ್ಚೆಯ ದಿಕ್ಕು ಬದಲಿಸಿತು. "ಮಾವ, ದೂರ ಕಳಿಸುವುದು ಆಗದಿದ್ದರೆ ಹತ್ತಿರ ತರಬಹುದಲ್ಲ?" ಅಲ್ಲಿಂದ ಮಾತು ಯಾವ ರೌಟರ್ ಎಂಬುದನ್ನು ಬಿಟ್ಟು ಎಲ್ಲಿ, ಎಷ್ಟು ಎಂಬುದಕ್ಕೆ ಹೊರಳಿತು.

ಫೈಬರ್ ಡಬ್ಬಿಯನ್ನೇ ಪ್ಯಾಸೇಜಿನ ನಡುವಿಗೆ ತರುವುದು ಒಂದು ದಾರಿ. ಅದಕ್ಕೆ ಫೈಬರ್ ಉದ್ದ ಸಾಲದು, ಹೊಸ ಜೋಡಣೆ ಬೇಕು. ತಂದರೂ ಅಜ್ಜಿಯ ಕೋಣೆಗೆ ಮತ್ತೆ ಎರಡು ಗೋಡೆ ಉಳಿಯುತ್ತದೆ. ಇನ್ನೊಂದು ದಾರಿ ವೈರ್ ಇಲ್ಲದ ಮೆಶ್, ಅಂದರೆ ಪರಸ್ಪರ ಗಾಳಿಯಲ್ಲೇ ಮಾತಾಡಿಕೊಂಡು ಒಂದೇ ಹೆಸರಿನ ವೈ-ಫೈ ಹರಡುವ ಎರಡು ಮೂರು ಡಬ್ಬಿಗಳು. ಮೂರನೆಯದು ಮುಂದೊಂದು ಹಿಂದೊಂದು ಸಾಧಾರಣ ರೌಟರ್ ಇಟ್ಟು ನಡುವೆ ಕೇಬಲ್ ಎಳೆಯುವುದು.

ಅಜ್ಜಿಗೆ ಮೆಶ್ ಇಷ್ಟವಾಯಿತು, ವೈರ್ ಇಲ್ಲವಲ್ಲ. ಗೋಡೆಗೆ ಬಣ್ಣ ಹೊಡೆಸಿ ವರ್ಷವಾಗಿರಲಿಲ್ಲ, ಚೌತಿ ಹತ್ತಿರ ಬಂದಿತ್ತು. ಮುಲುಂಡಿನ ನೆಂಟರ ಮನೆಯಿಂದ ಎರಡು ಡಬ್ಬಿಯ ಮೆಶ್ ಎರವಲು ತಂದು ನೋಡಿದೆವು. ಕೊಳ್ಳುವ ಮೊದಲು ಹೀಗೆ ಎರವಲು ತಂದು ನೋಡುವ ಅವಕಾಶ ಇರುವವರು ಅದನ್ನು ಬಿಡಬಾರದು. ಎರಡನೆಯ ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟಾಗ ಡಬ್ಬಿಗಳ ನಡುವಿನ ಸಂಪರ್ಕವೇ ಗೋಡೆಗಳಲ್ಲಿ ಸೋತು 30ರ ಆಸುಪಾಸು ಬಂತು, ಅದೂ ಏರಿಳಿಯುತ್ತ. ಪ್ಯಾಸೇಜಿನ ನಡುವೆ ತಂದಾಗ ಸೊಸೆಯ ಮೇಜಿಗೆ 80 ಸಿಕ್ಕಿತು, ಅಜ್ಜಿಯ ಕೋಣೆ ಮತ್ತೆ ಬಡವಾಯಿತು. ಮೂರನೆಯ ಡಬ್ಬಿ ಕೊಂಡರೆ ಆಗಬಹುದು, ಆದರೆ ಪ್ರತಿ ಜಿಗಿತಕ್ಕೂ ವೇಗ ಕುಗ್ಗುತ್ತದೆ, ಖರ್ಚು ಆ ಗೇಮಿಂಗ್ ರೌಟರಿನ ಹತ್ತಿರಕ್ಕೆ ಬರುತ್ತದೆ. ಬೆಂಗಳೂರು, ಪುಣೆಗಳ ಹೊಸ ಅಪಾರ್ಟ್‌ಮೆಂಟ್‌ಗಳ ನಾಲ್ಕಿಂಚಿನ ಒಳಗೋಡೆಗಳಿಗಾದರೆ ಈ ಮೆಶ್ಶನ್ನೇ ಧೈರ್ಯವಾಗಿ ಹೇಳುತ್ತಿದ್ದೆ.

ಉಳಿದದ್ದು ಕೇಬಲ್. ತೊಡಕು ತಾಂತ್ರಿಕವಾಗಿರಲಿಲ್ಲ. ಹದಿನಾಲ್ಕು ಇಂಚಿನ ಗೋಡೆ ಕೊರೆಯಲು ಮನೆ ಮಾಲೀಕರನ್ನು ಕೇಳಬೇಕು, ಪಗಡಿ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಬಾಲ್ಕನಿಯಿಂದ ಹೊರಗೋಡೆಯ ಮೇಲೆ ಸುತ್ತಿ ತಂದರೆ ಮುಂಬೈ ಮಳೆ, ಪಾರಿವಾಳ. ಆಗ ಯಜಮಾನರಿಗೆ ನೆನಪಾದದ್ದು ಹಳೆಯ ಕೇಬಲ್ ಟಿವಿಯ ವೈರ್. ಹಿಂದೆ ಅಜ್ಜಿಯ ಕೋಣೆಯಲ್ಲೂ ಒಂದು ಟಿವಿ ಇತ್ತು, ಅದಕ್ಕಾಗಿ ಹಾಲ್‌ನಿಂದ ಬಾಗಿಲ ಚೌಕಟ್ಟುಗಳ ಮೇಲ್ಭಾಗದ ತೂತುಗಳ ಮೂಲಕ ಕಪ್ಪು ವೈರ್ ಎಳೆದಿದ್ದರು. ಟಿವಿ ಹೋಗಿ ವೈರ್ ಉಳಿದಿತ್ತು. ಆ ವೈರಿನ ತುದಿಗೆ ಕ್ಯಾಟ್-6 ದರ್ಜೆಯ ಹೊಸ ಲ್ಯಾನ್ ಕೇಬಲ್ ಬಿಗಿದು ಟೇಪ್ ಸುತ್ತಿ, ಒಂದು ಕಡೆಯಿಂದ ಮಗ ಬಿಡುತ್ತ ಇನ್ನೊಂದು ಕಡೆಯಿಂದ ಮೊಮ್ಮಗ ಎಳೆಯುತ್ತ, ಒಂದೇ ಒಂದು ಹೊಸ ತೂತಿಲ್ಲದೆ ಕೇಬಲ್ ಹಿಂದಿನ ಕೋಣೆ ತಲುಪಿತು. ಪ್ಯಾಸೇಜಿನಲ್ಲಿ ಕಾಣುವ ಭಾಗಕ್ಕೆ ಬಿಳಿ ಪ್ಲಾಸ್ಟಿಕ್ ಪಟ್ಟಿ. ಅಜ್ಜಿ ಕುರ್ಚಿ ಹಾಕಿ ಕೂತು ನೋಡಿ ಒಪ್ಪಿದರು.

ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ ತನ್ನಿ ಎಂದಿದ್ದೆ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ತಿರುಚಿದರೆ ಮುರಿಯುತ್ತದೆ. ತಾಮ್ರದ ಒಳ್ಳೆಯ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ವೇಗ ಸಾಗಿಸುತ್ತದೆ, ಈ ಮನೆಗೆ ಅದರ ಕಾಲು ಭಾಗವೂ ಬೇಕಾಗಲಿಲ್ಲ.

ಕೊನೆಗೆ ಕೊಂಡದ್ದು

ರೌಟರ್ ಆರಿಸುವುದು ಇಷ್ಟೆಲ್ಲ ಆದ ಮೇಲೆ, ಮತ್ತು ಆಗ ಅದು ಸುಲಭವಾಗಿತ್ತು. ಎಲ್ಲ ಪೋರ್ಟ್‌ಗಳೂ ಗಿಗಾಬಿಟ್ ಇರಬೇಕು. ವೈ-ಫೈ 6, ಅಂದರೆ ವೈ-ಫೈಯ ಆರನೆಯ ಪೀಳಿಗೆ, ಇರಬೇಕು. ಮನೆಯ ಹೊಸ ಫೋನ್‌ಗಳಲ್ಲೂ ಸೊಸೆಯ ಲ್ಯಾಪ್‌ಟಾಪಿನಲ್ಲೂ ಅದು ಆಗಲೇ ಇತ್ತು, ಹಲವು ಸಾಧನಗಳು ಒಟ್ಟಿಗೆ ಮಾತಾಡುವಾಗ ಅದು ಸರದಿಯನ್ನು ಚೆನ್ನಾಗಿ ನಿಭಾಯಿಸುತ್ತದೆ. ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ಬೇರೆ ಜಾಲ ಕಟ್ಟದೆ ಇದ್ದ ಜಾಲದ ವೈ-ಫೈಯನ್ನಷ್ಟೇ ಹರಡುವ ಡಬ್ಬಿಯಾಗಿ, ಬದಲಿಸಲು ಬರಬೇಕು. ತಯಾರಕರು ಭದ್ರತಾ ಅಪ್‌ಡೇಟ್‌ಗಳನ್ನು ಈಗಲೂ ಬಿಡುತ್ತಿರಬೇಕು. ಅಂಗಡಿಯವ ಎಎಕ್ಸ್3000 ಎಂಬ ವೇಗದ ದರ್ಜೆ ಹೇಳಿದ, ನಾವು ಎಎಕ್ಸ್1800ಕ್ಕೆ ನಿಂತೆವು. ಎಎಕ್ಸ್3000ರ ಹೆಚ್ಚಳ ಬರುವುದು 160 ಮೆಗಾಹರ್ಟ್ಜ್ ಅಗಲದ ಚಾನೆಲ್‌ನಿಂದ. ಈ ಮನೆಯ ಫೋನ್‌ಗಳು 80ಕ್ಕೇ ನಿಲ್ಲುತ್ತವೆ, 200ರ ಪ್ಲ್ಯಾನಿಗೆ ಅಷ್ಟೇ ಬೇಕಾದಷ್ಟಾಯಿತು. ಎರಡು ರೌಟರ್, ಕೇಬಲ್, ಪಟ್ಟಿ ಎಲ್ಲ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು.

ಹಚ್ಚಿದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಹಿಂದಿನ ರೌಟರ್ ಬಳಿ ಅಳೆದಾಗ ಮತ್ತೆ ಅದೇ 94. ರೌಟರ್ ಹೊಸದು, ಪೋರ್ಟ್ ಗಿಗಾಬಿಟ್, ಆದರೂ 94. ಗಿಗಾಬಿಟ್‌ಗೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡೇ ಸಾಕು. ಒಂದು ಜೋಡಿ ಸರಿಯಾಗಿ ಕೂರದಿದ್ದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ. ಎಲೆಕ್ಟ್ರಿಷಿಯನ್ ಒತ್ತಿದ್ದ ತುದಿಯ ಕನೆಕ್ಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿದ ಮೇಲೆ ಪೂರ್ತಿ ವೇಗ ಬಂತು. ಅಳೆಯದೇ ಇದ್ದಿದ್ದರೆ ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಮರುದಿನ ಇನ್ನೊಂದು ದೂರು. ಸೊಸೆಯ ಲ್ಯಾಪ್‌ಟಾಪಿಗೆ ಹಾಲ್‌ನ ಪ್ರಿಂಟರ್ ಕಾಣುತ್ತಿಲ್ಲ. ಹಿಂದಿನ ಡಬ್ಬಿಯನ್ನು ಮೊಮ್ಮಗ ಉತ್ಸಾಹದಿಂದ ತಾನೇ ಹಚ್ಚಿದ್ದ, ರೌಟರ್ ಆಗಿಯೇ. ಹಾಗಾಗಿ ಅದರ ಹಿಂದೆ ಬೇರೆಯೇ ಒಂದು ಜಾಲ ಹುಟ್ಟಿತ್ತು. ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದರು, ಪ್ರಿಂಟರ್ ಕಂಡಿತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11. ಫೈಬರ್ ಡಬ್ಬಿಯೊಳಗೇ ಇದ್ದ ವೈ-ಫೈ ಬಂದ್ ಮಾಡಿದೆವು, ರಿಪೀಟರನ್ನು ಕಿತ್ತೆವು. ಅಜ್ಜಿಯ ಹಳೆಯ ಟ್ಯಾಬ್‌ಗೆ ವೈ-ಫೈಯ ಹೊಸ ಭದ್ರತಾ ವಿಧಾನವಾದ ಡಬ್ಲ್ಯುಪಿಎ3 ತಿಳಿಯದು, ಅದಕ್ಕಾಗಿ ಡಬ್ಲ್ಯುಪಿಎ2 ಮತ್ತು 3 ಎರಡೂ ನಡೆಯುವ ಮಿಶ್ರ ಆಯ್ಕೆ. ಗುಂಡಿ ಒತ್ತಿದರೆ ಸೇರಿಕೊಳ್ಳುವ ಡಬ್ಲ್ಯುಪಿಎಸ್ ಬಂದ್. ರೌಟರಿನೊಳಗೆ ಹೋಗುವ ಮೂಲ ಪಾಸ್‌ವರ್ಡನ್ನು ಬದಲಿಸಿ ಯಜಮಾನರು ತಮ್ಮ ಡೈರಿಯಲ್ಲಿ ಬರೆದಿಟ್ಟರು.

ಅಜ್ಜಿಯ ಫೋನ್ ಮಾತ್ರ ಹಾಲ್‌ನಲ್ಲಿ ಹಿಡಿದ ಸಂಪರ್ಕವನ್ನು ಕೋಣೆಗೆ ಹೋದರೂ ಬಿಡುತ್ತಿರಲಿಲ್ಲ. ಯಾವ ಡಬ್ಬಿಗೆ ಅಂಟಿಕೊಳ್ಳಬೇಕೆಂದು ತೀರ್ಮಾನಿಸುವುದು ಫೋನೇ ಹೊರತು ರೌಟರ್ ಅಲ್ಲ. ಮುಂದಿನ ಡಬ್ಬಿಯ 2.4ರ ಶಕ್ತಿಯನ್ನು ಮಧ್ಯಮಕ್ಕೆ ಇಳಿಸಿದಾಗ ಫೋನ್ ಬೇಗ ಹಿಂದಿನದಕ್ಕೆ ಬದಲಾಗತೊಡಗಿತು. ವೈ-ಫೈ ಸುಧಾರಿಸಲು ಶಕ್ತಿ ಕಡಿಮೆ ಮಾಡಬೇಕು ಎಂಬುದನ್ನು ಮಗ ನಂಬಿದ್ದು ಕಣ್ಣಾರೆ ಕಂಡ ಮೇಲೆ.

ಈಗ ಸೊಸೆಯ ಮೇಜಿನ ಮೇಲೆ ಮೈನಸ್ 58, ಅಜ್ಜಿಯ ಕೋಣೆಯಲ್ಲಿ ಮೈನಸ್ 45. ಎರಡು ಕಡೆಯೂ 180ಕ್ಕೆ ಕಡಿಮೆ ಬರುವುದಿಲ್ಲ.

ಬಗೆಹರಿಯದೆ ಉಳಿದದ್ದೂ ಇದೆ. ಮೊಮ್ಮಗನಿಗೆ ಗೆಳೆಯರನ್ನು ತನ್ನ ಕಂಪ್ಯೂಟರಿನ ಆಟಕ್ಕೆ ನೇರ ಕರೆದುಕೊಳ್ಳಬೇಕು. ಇಂಟರ್ನೆಟ್ ಕಡೆಗೆ ರೌಟರಿಗೆ ಸಿಕ್ಕ ಹೊರಗಿನ ವಿಳಾಸ (ಐಪಿ) ನೋಡಿದರೆ 100.64ರಿಂದ ಶುರುವಾಗುವ ಗುಂಪಿನದು, ಅಂದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ, ಹಾಗಾಗಿ ಹೊರಗಿನವರು ಈ ಮನೆಯ ಕಂಪ್ಯೂಟರನ್ನು ನೇರವಾಗಿ ತಲುಪಲಾರರು. ಹದಿನಾಲ್ಕು ಸಾವಿರದ ಗೇಮಿಂಗ್ ರೌಟರಿನಿಂದಲೂ ಇದು ಬಗೆಹರಿಯುತ್ತಿರಲಿಲ್ಲ. ಕಂಪನಿಗೆ ಬೇರೆ ಹಣ ಕೊಟ್ಟು ಸ್ವಂತ ವಿಳಾಸ ತೆಗೆದುಕೊಳ್ಳಬೇಕು. ಮನೆಯವರು ಸದ್ಯಕ್ಕೆ ಬೇಡ ಎಂದಿದ್ದಾರೆ. ಜೋರು ಮಳೆಗೆ ಗಾಂಧಿ ಮಾರ್ಕೆಟ್ ಸುತ್ತ ನೀರು ನಿಂತು ಕರೆಂಟ್ ಹೋದರೆ ಎಂದು ಫೈಬರ್ ಡಬ್ಬಿ ಮತ್ತು ಮುಂದಿನ ರೌಟರಿಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿಸಿದರು, ಹಿಂದಿನದಕ್ಕೂ ಒಂದು. ಮುಂದಕ್ಕೆ ಮಾತ್ರ ಹಾಕಿದರೆ ಕರೆಂಟ್ ಹೋದಾಗ ಸೊಸೆ ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೇ ಓಡಬೇಕಾಗುತ್ತದೆ.

ಪ್ಲ್ಯಾನ್ ನವೀಕರಿಸುವ ತಿಂಗಳು ಯಜಮಾನರು ಮತ್ತೆ ಫೋನ್ ಮಾಡಿದರು. ಐವರೂ ಒಟ್ಟಿಗೆ ಬಳಸುವ ಸಂಜೆಗಳಲ್ಲಿ ರೌಟರಿನ ಪುಟ ತೆರೆದು ಅವರೇ ಗಮನಿಸಿದ್ದರು, ಬಳಕೆ 60 ದಾಟಿದ್ದು ಅಪರೂಪ. "ಹಾಗಾದ್ರೆ 200 ನಮಗೆ ಯಾಕೆ?" ಬೇಕಿಲ್ಲ ಎಂದೆ. ಅವರು 100ಕ್ಕೆ ಇಳಿಸಿದರು.